ಸರತಿಯಲ್ಲಿ ಬಂದ ಮಗ

ಬೆಳಗಿನ ಐದೂವರೆ. ಸೈನ್ಯದ ತರಬೇತಿ ಶಿಬಿರದ ದೊಡ್ಡ ಗೇಟಿಗೆ ಎದುರಾಗಿ, ರಸ್ತೆಯ ಈಚೆ ಬದಿಯಲ್ಲಿ, ಒಂದೇ ಒಂದು ಅಂಗಡಿಯಲ್ಲಿ ದೀಪ ಉರಿಯುತ್ತಿದೆ. ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಕೂದಲು ಕತ್ತರಿಸುವ ಮಷೀನಿನ ಗುಂಯ್ ಸದ್ದು ಬರುತ್ತಿದೆ. ಹೊರಗೆ ಹುಡುಗರು ಒಬ್ಬರ ಹಿಂದೊಬ್ಬರು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಾರೆ. ಎಲ್ಲರಿಗೂ ಒಂದೇ ಬಣ್ಣದ ಬನಿಯನ್, ಒಂದೇ ಬಣ್ಣದ ಚಡ್ಡಿ. ತಲೆ ಮಾತ್ರ ತರಹೇವಾರಿ. ಒಬ್ಬನದು ಗುಂಗುರು, ಒಬ್ಬನದು ಹಣೆ ಮುಚ್ಚುವ ಮುಂಗೂದಲು, ಇನ್ನೊಬ್ಬ ಬಣ್ಣ ಬೇರೆ ಹಚ್ಚಿಸಿಕೊಂಡು ಬಂದಿದ್ದಾನೆ. ಇನ್ನೊಂದೂವರೆ ಗಂಟೆ ಕಳೆದರೆ ಈ ವ್ಯತ್ಯಾಸವೆಲ್ಲ ನೆಲದ ಮೇಲೆ ಬಿದ್ದಿರುತ್ತದೆ.

ಕುರ್ಚಿಯ ಹಿಂದೆ ನಿಂತವರಿಗೆ ಐವತ್ತು ಸಮೀಪಿಸಿದೆ. ತೆಳ್ಳಗಿನ ಮೈ, ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕೂದಲ ಚೂರು. ಶಿಬಿರದ ಹುಡುಗರ ಬಾಯಲ್ಲಿ ಇವರು ‘ಎರಡ್ನಿಮಿಷದಣ್ಣ’. ಒಂದು ತಲೆಗೆ ಎರಡೇ ನಿಮಿಷ ಎಂಬ ಖ್ಯಾತಿ ಇವರದಾಗಿತ್ತು. ಈಗ ಹೆಸರು ಉಳಿದಿದೆ, ವೇಗ ಉಳಿದಿಲ್ಲ. ಹುಡುಗ ಬಂದು ಕೂತ ಕೂಡಲೇ ಇವರು ಕುರ್ಚಿಯ ಮುಂದಕ್ಕೆ ಬರುತ್ತಾರೆ, ಬಗ್ಗಿ ಅವನ ಮುಖ ನೋಡುತ್ತಾರೆ. “ಹೊಟ್ಟೆಗೆ ಏನಾದ್ರೂ ಬಿತ್ತಾ?” ಎನ್ನುತ್ತಾರೆ. “ಮನೇಲಿ ಹೇಳಿ ಬಂದಿದ್ದೀಯಾ?” ಎನ್ನುತ್ತಾರೆ. ಅವನು ಹೂಂ ಅಂದ ಮೇಲೆಯೇ ಮಷೀನು ತಲೆಗೆ ಮುಟ್ಟುವುದು.

ಬಾಗಿಲಲ್ಲಿ ನಿಂತ ಕವಾಯತು ಮಾಸ್ತರಿಗೆ ಇದು ಹಿಡಿಸುವುದಿಲ್ಲ. ಹುಡುಗರನ್ನು ಏಳು ಗಂಟೆಗೆ ಮೈದಾನದಲ್ಲಿ ನಿಲ್ಲಿಸಬೇಕಾದವರು ಅವರು. “ಏನಣ್ಣ, ಮಗಳಿಗೆ ಗಂಡು ಹುಡುಕ್ತಿದ್ದೀಯಾ? ಬೇಗ ಮುಗಿಸು,” ಎಂದು ಗದರುತ್ತಾರೆ. “ನಂಗೆ ಮಗಳಿಲ್ಲ ಮಾಸ್ತರೇ,” ಎಂದು ಹೇಳಿ ಇವರು ಮುಂದಿನ ಹುಡುಗನ ಮುಖಕ್ಕೆ ಬಗ್ಗುತ್ತಾರೆ. ಸರತಿಯಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ, ಮಾಸ್ತರು ತಿರುಗಿ ನೋಡಿದ ಕೂಡಲೇ ಎಲ್ಲ ಗಪ್‌ಚುಪ್.

ಭಾನುವಾರದ ಪುರವಣಿಗೆ ಹಗುರಾದ ಬರಹವೊಂದು ಸಿಗುತ್ತದೆ ಎಂದುಕೊಂಡು ಬಂದವನು ನಾನು. ಮೊದಲ ಸಾಲನ್ನು ಬಸ್ಸಿನಲ್ಲೇ ಯೋಚಿಸಿಟ್ಟಿದ್ದೆ: ‘ಇವರು ದಿನಾ ತಲೆ ಬೋಳಿಸುತ್ತಾರೆ, ಆದರೆ ಇಂದಿನವರೆಗೆ ಯಾರಿಗೂ ಮೋಸ ಮಾಡಿಲ್ಲ.’ ಬಹಳ ಜಾಣತನದ ಸಾಲು ಅಂತ ನನಗೇ ಅನ್ನಿಸಿತ್ತು. ಅಂಗಡಿಯ ಹಿಂದಿನ ಮನೆಯಿಂದ ಅವರ ಹೆಂಡತಿ ಚಹಾ ತಂದಿಟ್ಟು ಹೇಳಿದ ಮಾತಿಗೆ ಆ ಜಾಣತನವೆಲ್ಲ ಇಳಿದುಹೋಯಿತು.

“ಇವತ್ತು ಅವರು ಜಾಸ್ತಿ ಮಾತಾಡಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ,” ಎಂದರು ಆಕೆ. “ನಾಳೆಗೆ ನಮ್ಮ ಹುಡುಗನಿಗೆ ಹದಿನೆಂಟು ತುಂಬುತ್ತೆ. ವಾಪಸ್ ಕರ್ಕೊಂಡು ಬರೋದಾದ್ರೆ ಇವತ್ತೇ ಕೊನೆ.”

ಎಲ್ಲಿಂದ ಎಂದು ಕೇಳಿದೆ. ಆಕೆ ರಸ್ತೆಯಾಚೆಗಿನ ಗೇಟಿನತ್ತ ಗದ್ದ ಎತ್ತಿ ತೋರಿಸಿದರು.

ಅಲ್ಲಿನ ನಿಯಮ ಸರಳವಾಗಿದೆ. ಹದಿನೆಂಟು ತುಂಬದ ಹುಡುಗ ಸೈನ್ಯಕ್ಕೆ ಸೇರಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರು ಒಪ್ಪಿದರೆ ಸಾಕು. ಹಾಗೆಯೇ, ಹದಿನೆಂಟು ತುಂಬುವ ಹಿಂದಿನ ದಿನದ ಸಂಜೆಯವರೆಗೂ ಇಬ್ಬರಲ್ಲಿ ಯಾರೇ ಹೋಗಿ ‘ನನ್ನ ಮಗನನ್ನು ಕಳಿಸಿಕೊಡಿ’ ಎಂದರೆ ಕಳಿಸಿಕೊಡಬೇಕು. ಈ ಮನೆಯಲ್ಲಿ ಒಪ್ಪಿದವರು ತಾಯಿ. ತಂದೆ ಇನ್ನೂ ಬಾಯಿ ಬಿಟ್ಟಿಲ್ಲ. ಅವರಿಗೆ ಉಳಿದಿರುವುದು ಒಂದೇ ಹಗಲು, ಬೇಕಾಗಿರುವುದು ಒಂದೇ ಮಾತು. ಇದನ್ನೆಲ್ಲ ಕೇಳಿದ ಮೇಲೆ ಅವರ ಕೈಯಲ್ಲಿ ಗುಂಯ್ಗುಡುತ್ತಿದ್ದ ಮಷೀನನ್ನು ನೋಡುವುದೇ ಕಷ್ಟವಾಯಿತು.

ಅಂಗಡಿ ಇವರ ತಂದೆಯ ಕಾಲದ್ದು. ಒಂದು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಸಾಮಾನ್ಯ ದಿನಗಳಲ್ಲಿ ಬೀದಿಯ ಗಿರಾಕಿಗಳು ಇಪ್ಪತ್ತು ಮಂದಿ ಬಂದರೆ ಹೆಚ್ಚು. ಹೊಸ ತಂಡ ಸೇರುವ ದಿನ ಮಾತ್ರ ನಸುಕಿಗೂ ಮುಂಚೆ, ಮೂರು ಗಂಟೆಗೇ ಶುರುಮಾಡಿ ಏಳರೊಳಗೆ ಅರವತ್ತು ತಲೆ. ಮಷೀನು ಕಾದು ಕೈ ಸುಡುತ್ತದೆ, ಕಾಲು ಮರಗಟ್ಟುತ್ತದೆ, ಅಂಗಿಯೊಳಗೆ ಇಳಿದ ಕೂದಲು ಸಂಜೆಯ ತನಕ ಚುಚ್ಚುತ್ತದೆ. “ಬೇರೆಯವರ ಕೂದಲಿಗೆ ನನ್ನ ಮೇಲೆ ಅದೇನು ಪ್ರೀತಿಯೋ, ಬಿಟ್ಟು ಹೋಗಲ್ಲ ಅಂತವೆ,” ಎಂದು ನಗುತ್ತಾರೆ.

ಇವರು ಮೊದಲು ಮುಖ ನೋಡುತ್ತಿರಲಿಲ್ಲ. ನೋಡಬಾರದು ಎಂದೇ ಇದ್ದರು. ಬಹಳ ವರ್ಷಗಳ ಹಿಂದೆ ಮುಂದಿನ ಹಲ್ಲು ಮುರಿದ ಹುಡುಗನೊಬ್ಬ ಕೂತು, ತಲೆ ಬೋಳಾಗುವ ತನಕ ಒಂದೇ ಸಮನೆ ತಮಾಷೆ ಮಾಡಿದ್ದನಂತೆ. ಒಂದು ವರ್ಷವೂ ಕಳೆದಿರಲಿಲ್ಲ. ಗಿರಾಕಿಗಳಿಗೆಂದು ತರಿಸುವ ಪತ್ರಿಕೆಯನ್ನು ಬೆಂಚಿನ ಮೇಲೆ ಇಡುವಾಗ ಅದೇ ಮುರಿದ ಹಲ್ಲಿನ ನಗು ಮೊದಲ ಪುಟದಲ್ಲಿತ್ತು, ಕಪ್ಪು ಅಂಚಿನೊಳಗೆ. “ಆವತ್ತು ಅಂಗಡಿ ಬಾಗಿಲು ಹಾಕ್ದೆ. ಮುಖ ನೋಡಿದ್ರೆ ತಾನೇ ಗುರುತು ಸಿಗೋದು, ನೋಡೋದೇ ಬೇಡ ಅಂತ ತೀರ್ಮಾನ ಮಾಡ್ದೆ,” ಎನ್ನುತ್ತಾರೆ. ಅಲ್ಲಿಂದ ಹೊಸ ತಂಡ ಬರುವ ದಿನ ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದರು. ಹುಡುಗರು ಬಗ್ಗಿಸಿದ ತಲೆಯಲ್ಲೇ ಬಂದು ಕೂರಬೇಕು, ಬಗ್ಗಿಸಿದ ತಲೆಯಲ್ಲೇ ಎದ್ದು ಹೋಗಬೇಕು. ಇವರು ಹಿಂದೆ ನಿಂತು ಹೇಳುತ್ತಿದ್ದ ಮಾತು ಒಂದೇ: “ಕತ್ತು ಬಗ್ಗಿಸು.” ಎರಡು ನಿಮಿಷದ ಖ್ಯಾತಿ ಬಂದದ್ದು ಹೀಗೆ.

ಈ ಪದ್ಧತಿಯನ್ನು ಚೆನ್ನಾಗಿ ಬಲ್ಲವನು ಒಬ್ಬನಿದ್ದ. ಅದೇ ಅಂಗಡಿಯಲ್ಲಿ ಕೂದಲು ಗುಡಿಸುತ್ತಾ ಬೆಳೆದ ಅವರ ಒಬ್ಬನೇ ಮಗ.

ನಾಲ್ಕು ತಿಂಗಳ ಹಿಂದಿನ ಮಾತು. ಹುಡುಗ ಸೋದರಮಾವನ ಹತ್ತಿರ ಮೋಟರ್ ರಿಪೇರಿ ಕಲಿಯುತ್ತೇನೆಂದು ಚೀಲ ಕಟ್ಟಿಕೊಂಡು ಹೊರಟ. ಅದಕ್ಕೂ ಮುಂಚೆ ಮೂರು ತಿಂಗಳು ತಲೆಗೆ ಕತ್ತರಿ ಸೋಕಿಸಿಕೊಂಡಿರಲಿಲ್ಲ. ಅಪ್ಪ ಕರೆದಾಗಲೆಲ್ಲ “ಆಮೇಲೆ ಮಾಡಿಸ್ಕೋತೀನಿ” ಎನ್ನುತ್ತಿದ್ದ. ದೀಪದ ಬುಡದಲ್ಲೇ ಕತ್ತಲೆ ಎಂದು ಬೀದಿಯವರೆಲ್ಲ ಆಡಿಕೊಂಡದ್ದೂ ಆಗಿತ್ತು. ವಯಸ್ಸಿಗೆ ಬಂದ ಹುಡುಗ, ಶೋಕಿ ಇರಲಿ ಎಂದು ಅಪ್ಪ ಸುಮ್ಮನಾಗಿದ್ದರು. ಹೋಗುವಾಗ ಖರ್ಚಿಗೆ ಕೊಟ್ಟು, ಮಾವನ ಮಾತು ಕೇಳು ಎಂದು ಬುದ್ಧಿಯನ್ನೂ ಹೇಳಿದರು.

ಅದಾಗಿ ಮೂರನೆಯ ಬೆಳಗ್ಗೆ ಹೊಸ ತಂಡ ಬಂತು. ಕನ್ನಡಿಗೆ ಬಟ್ಟೆ ಹೊದಿಸಿತ್ತು. ಮುಂದಿನದನ್ನು ಅವರ ಬಾಯಲ್ಲೇ ಕೇಳಬೇಕು.

“ಅರ್ಧ ತಂಡ ಮುಗಿದಿತ್ತು ಸಾರ್. ಒಬ್ಬ ಬಂದು ಕೂತ. ಬಟ್ಟೆ ಹೊದಿಸ್ದೆ, ಕತ್ತು ಬಗ್ಗಿಸು ಅಂದೆ, ಬಗ್ಗಿಸ್ದ. ಹಣೆಯಿಂದ ನೆತ್ತಿ ಹತ್ರದ ತನಕ ಎರಡು ಸಾಲು ಹೊಡೆದೆ. ನೆತ್ತಿ ಮೇಲೆ ಎರಡು ಸುಳಿ ಕಾಣಿಸ್ತು. ನನ್ನ ಮಗನಿಗೂ ಎರಡು ಸುಳಿ. ಎರಡು ಸುಳಿ ಇದ್ರೆ ಎರಡು ಮದುವೆ ಅಂತ ಅವನನ್ನ ಎಷ್ಟು ಗೋಳು ಹೊಯ್ಕೊಂಡಿದೀವಿ. ಇರ್ಲಿ, ಎಷ್ಟೋ ಜನಕ್ಕಿರುತ್ತೆ ಅಂದ್ಕೊಂಡು ಎಡಗೈಲಿ ತಲೆ ಹಿಡ್ಕೊಂಡೆ. ಎರಡು ಸುಳಿಗಳ ಮಧ್ಯೆ ಹೆಬ್ಬೆಟ್ಟಿಗೆ ಒಂದು ಕುಳಿ ಸಿಕ್ತು.”

ಆ ಕುಳಿ ಬಿದ್ದದ್ದು ಇದೇ ಕುರ್ಚಿಯಿಂದ. ಹುಡುಗನಿಗೆ ಆಗ ನಾಲ್ಕು ವರ್ಷ. ಅಪ್ಪ ಬಿಸಿನೀರು ತರಲು ಒಳಗೆ ಹೋದಾಗ ಕುರ್ಚಿಯನ್ನು ಗರಗರ ತಿರುಗಿಸಿಕೊಂಡು ಆಡುತ್ತಿದ್ದವನು ಎಗರಿ ಬಿದ್ದು, ಕಾಲಿಡುವ ಕಬ್ಬಿಣದ ಪಟ್ಟಿಗೆ ತಲೆ ತಾಗಿಸಿಕೊಂಡಿದ್ದ. ಗಾಯ ಮಾಗಿದ ಮೇಲೂ ಎಷ್ಟೋ ವರ್ಷ, ಪ್ರತಿ ಸಲ ಕೂದಲು ಕತ್ತರಿಸುವಾಗ, ಆ ಕುಳಿಯ ಮೇಲೆ ಇವರ ಹೆಬ್ಬೆಟ್ಟು ಒಮ್ಮೆ ಸುಳಿದಾಡುತ್ತಿತ್ತು.

“ಕೈ ನಿಂತ್ಹೋಯ್ತು. ಮಷೀನು ಓಡ್ತಾ ಇದೆ, ನಾನಿಲ್ಲ. ನನ್ನ ಮಗ ಮಾವನ ಮನೇಲಿದ್ದಾನೆ, ಅವನ ತಲೆ ಇಲ್ಲಿಗೆ ಹೇಗೆ ಬಂತು ಅಂತ ಯೋಚ್ನೆ ಮಾಡ್ತಿದೀನಿ. ಅಂಥ ಹುಚ್ಚು ಯೋಚ್ನೆ.”

ಎಷ್ಟೋ ಮಂದಿಯ ಕಷ್ಟ ಸುಖ ಬರೆದು ಹೊಟ್ಟೆ ಹೊರೆದವನು ನಾನು, ಯಾವುದಕ್ಕೂ ಬೆಚ್ಚುವವನಲ್ಲ ಎಂಬ ಜಂಬವೂ ಇತ್ತು. ಆ ಕುರ್ಚಿ ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಅದರಲ್ಲಿ ಆಗ ಯಾರದೋ ಮಗ ಕೂತಿದ್ದ. ನನಗೆ ಅತ್ತ ನೋಡಲಾಗಲಿಲ್ಲ.

ಆ ದಿನವೂ ಬಾಗಿಲಲ್ಲಿ ಇದೇ ಮಾಸ್ತರು. “ಯಾಕಣ್ಣ, ಮಷೀನು ಕೆಟ್ಟೋಯ್ತಾ?” ಎಂದು ಕೇಳಿದರಂತೆ. ‘ಇವನು ನನ್ನ ಮಗ, ನಾನು ಒಪ್ಪಿಲ್ಲ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇವರ ಬಾಯಿಂದ ಬಂದದ್ದು, “ಇಲ್ಲ, ಸ್ವಲ್ಪ ಬಿಸಿಯಾಗಿದೆ.” ಅಷ್ಟೇ. ಮತ್ತೆ ಮಷೀನು ಆಡಿಸಿದರು. ಹುಡುಗ ಎದ್ದ, ಬಗ್ಗಿಸಿದ ತಲೆಯಲ್ಲೇ ಹೋದ. ಮುಂದಿನವನು ಬಂದು ಕೂತ.

ಆಮೇಲೆ ಆದದ್ದನ್ನು ಹೇಳುವಾಗ ಮಾಸ್ತರಿಗೇ ನಗು ತಡೆಯುವುದಿಲ್ಲ, ನಗಬಾರದು ಎಂದೂ ಗೊತ್ತು ಅವರಿಗೆ. ಗೇಟಿನ ಹತ್ತಿರ ತಲೆಗಳನ್ನು ತಪಾಸಣೆ ಮಾಡಿದರೆ ಒಬ್ಬನ ನೆತ್ತಿಯ ಮೇಲೆ ಅಂಗೈಯಗಲ ಕೂದಲು ಹಾಗೇ ನಿಂತಿದೆ. ಇಷ್ಟು ವರ್ಷದಲ್ಲಿ ಒಂದೆಳೆ ಬಿಟ್ಟವರಲ್ಲ ಎರಡ್ನಿಮಿಷದಣ್ಣ. “ಎರಡು ಸುಳಿ ಸುತ್ತ ಪೂರ್ತಿ ಬಿಟ್ಟಿದ್ರು. ಇದೇನೋ ಗುಬ್ಬಿ ಗೂಡು, ಹೋಗಿ ತೆಗೆಸ್ಕೊಂಡು ಬಾ ಅಂತ ನಾನೇ ಅಟ್ಟಿದೆ. ಆಗ ನಾನು ಈ ಶಿಬಿರಕ್ಕೆ ಹೊಸಬ, ಅವನು ಇವರ ಮಗ ಅಂತ ನಂಗೇನು ಗೊತ್ತು?” ಎನ್ನುತ್ತಾರೆ ಮಾಸ್ತರು.

ಹಾಗೆ ಮಗ ಎರಡನೆಯ ಸಲ ಬಂದು ಕೂತ. ಈ ಸಲ ಹಿಂದೆ ಸರತಿ ಇರಲಿಲ್ಲ. ಅವನೇ ಮೊದಲು ಮಾತಾಡಿದ. “ಅಪ್ಪಾ, ನೀನು ಮುಖ ನೋಡಲ್ಲ ಅಂತ ಗೊತ್ತಿತ್ತು. ಹೇಳಿದ್ರೆ ಬಿಡ್ತಿರ್ಲಿಲ್ಲ. ಹೇಳ್ದೇ ಹೋದ್ರೂ ನಿನ್ನ ಕೈ ಒಂದ್ಸಲ ತಲೆ ಮೇಲೆ ಬೀಳುತ್ತಲ್ಲ ಅಂದ್ಕೊಂಡೆ.”

ನೀವೇನಂದಿರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಕತ್ತು ಬಗ್ಗಿಸು ಅಂದೆ,” ಎಂದರು. ಉಳಿದ ಕೂದಲು ತೆಗೆದರು. ಅಪ್ಪ ಮಗನ ನಡುವೆ ಅದೇ ಕೊನೆಯ ಮಾತು. ನಾಲ್ಕು ತಿಂಗಳು ಕಳೆದಿದೆ.

ಮಧ್ಯಾಹ್ನ ಶಟರ್ ಎಳೆದು ಮನೆಯೊಳಗೆ ಹೋದಾಗ ಕಾದಿತ್ತು ಇನ್ನೊಂದು ಏಟು. ಹೆಂಡತಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದಷ್ಟೇ ಅಲ್ಲ, ಹುಡುಗನನ್ನು ತಯಾರು ಮಾಡಿದ್ದೇ ಆಕೆ. ಅಂಗಡಿಯ ಬಿಳಿ ಬಟ್ಟೆಗಳನ್ನು ದಿನಾ ಒಗೆದು ಹಿತ್ತಲಲ್ಲಿ ಹರವುವುದು ಆಕೆಯ ಕೆಲಸ. ಆ ಒಣಗುವ ಬಟ್ಟೆಗಳ ಮರೆಯಲ್ಲಿ ಒಂದು ವರ್ಷ ಮಗನ ಪಾದಗಳ ಮೇಲೆ ಕೂತು ಅವನಿಂದ ಮಲಗಿ ಏಳುವ ವ್ಯಾಯಾಮ ಮಾಡಿಸಿದ್ದರು. ಗಂಡ ಏಳುವ ಮುಂಚೆ ಅವನನ್ನು ಎಬ್ಬಿಸಿ ಓಡಲು ಕಳಿಸುತ್ತಿದ್ದರು, ಓಟದ ಬೂಟನ್ನು ಹಳೆ ಬಟ್ಟೆಯ ಮೂಟೆಯಲ್ಲಿ ಬಚ್ಚಿಡುತ್ತಿದ್ದರು. “ದಿನಾ ಎರಡು ಮೊಟ್ಟೆ ಎಲ್ಲಿ ಹೋಗ್ತಿದೆ ಅಂತ ಒಂದ್ಸಲಾನೂ ಕೇಳ್ಲಿಲ್ಲ ಇವರು. ಊರವರ ತಲೆ ನೋಡೋದ್ರಲ್ಲೇ ಮುಳುಗಿದ್ರು,” ಎಂದು ಆಕೆ ಗಂಡನ ಎದುರೇ ಹೇಳುತ್ತಾರೆ. ಇಪ್ಪತ್ತು ವರ್ಷ ಜೊತೆಗೆ ಉಂಡವಳು ಒಂದು ವರ್ಷ ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳಲ್ಲ ಎಂದು ಗಂಡ ತಿರುಗಿ ಅಂಗಡಿಗೇ ಹೋಗಿಬಿಟ್ಟರಂತೆ.

ನಾನು ಆಕೆಯನ್ನು ನೇರವಾಗಿಯೇ ಕೇಳಿದೆ, ಸ್ವಲ್ಪ ಒರಟಾಗಿಯೇ. ಹೆತ್ತ ತಾಯಿ ಹೇಗೆ ಹೂಂ ಅಂದಿರಿ? ಆಕೆಗೆ ಸಿಟ್ಟು ಬರಲಿಲ್ಲ. ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಹೇಳಿದರು: “ನಾನು ಬೇಡ ಅಂದಿದ್ರೆ ಓಡಿಹೋಗ್ತಿದ್ದ ಅಣ್ಣ. ಓಡಿಹೋದ ಮಕ್ಕಳನ್ನ ಎಲ್ಲಿ ಅಂತ ಹುಡುಕೋದು? ಈಗ ರಸ್ತೆ ಆಚೆ ಇದ್ದಾನೆ. ಭಾನುವಾರ ಹೋಗಿ ನೋಡ್ಕೊಂಡು ಬರ್ತೀನಿ. ಹೆದರಿಕೆ ಇಲ್ವಾ ಅಂದ್ರೆ ಇದೆ. ಆಚೆ ಒಂದು ಸೀಟಿ ಊದಿದ್ರೆ ಇಲ್ಲಿ ನನ್ನ ಕೈಯಲ್ಲಿರೋ ಪಾತ್ರೆ ಬೀಳುತ್ತೆ.”

ತಂದೆ ಒಂದು ಭಾನುವಾರವೂ ಹೋಗಿಲ್ಲ. ಆದರೆ ಸಂಜೆ ಹುಡುಗರ ಸಾಲು ಗೇಟಿನಿಂದ ಹೊರಬಂದು ರಸ್ತೆಯಲ್ಲಿ ಓಡುವಾಗ ಕೈಯಲ್ಲಿ ಕತ್ತರಿ ಹಿಡಿದೇ ಬಾಗಿಲಿಗೆ ಬರುತ್ತಾರೆ. ಅರವತ್ತು ಬೋಳು ತಲೆಗಳಲ್ಲಿ ತಮ್ಮದು ಯಾವುದೆಂದು ಅವರಿಗೆ ಹುಡುಕಬೇಕಾಗಿಲ್ಲ. ಕನ್ನಡಿಯ ಬಟ್ಟೆಯನ್ನು ಅವರು ಆ ಮಧ್ಯಾಹ್ನವೇ ಕಿತ್ತೆಸೆದರು. “ಎಷ್ಟು ಜನರ ಮಕ್ಕಳನ್ನ ಮುಖ ನೋಡ್ದೆ ಆಚೆ ಕಳಿಸಿದೀನಿ ಸಾರ್. ಅದರಲ್ಲಿ ನನ್ನೋನೂ ಒಬ್ಬ ದಾಟಿಹೋದ. ಇನ್ಮೇಲೆ ನೋಡದೆ ಇರೋಕಾಗಲ್ಲ,” ಎನ್ನುತ್ತಾರೆ. ಆದ್ದರಿಂದಲೇ ಈಗ ಒಂದು ತಲೆಗೆ ನಾಲ್ಕು ನಿಮಿಷ, ಮಾಸ್ತರ ಗದರಿಕೆ ಬೇರೆ.

ಕಳೆದ ಭಾನುವಾರ ಮಗ ತಾಯಿಯ ಹತ್ತಿರ ಒಂದು ಮಾತು ಹೇಳಿಕಳಿಸಿದ್ದಾನೆ. ಅದೇ ಇವರನ್ನು ಈ ವಾರವೆಲ್ಲ ಉಣ್ಣಗೊಟ್ಟಿಲ್ಲ, ಮಲಗಗೊಟ್ಟಿಲ್ಲ. “ಅಪ್ಪ ಬಂದು ಕರೆದ್ರೆ ಬಂದ್ಬಿಡ್ತೀನಿ ಅಂತ ಹೇಳು. ಸಿಟ್ಟು ಮಾಡ್ಕೊಳ್ಳಲ್ಲ. ಅಂಗಡೀಲೇ ಇರ್ತೀನಿ,” ಎಂದಿದ್ದಾನೆ ಹುಡುಗ. ತಾಯಿ ಅದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಗಂಡನಿಗೆ ತಲುಪಿಸಿದ್ದಾರೆ. ಅದಾದ ಮೇಲೆ ಹೋಗಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲ. ಅವರು ಮಷೀನಿನ ಹಲ್ಲಿಗೆ ಎಣ್ಣೆ ಬಿಡುತ್ತಾ ಕೂತಿದ್ದಾರೆ. ಬರೆಯಲು ಬಂದವನು ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನನಗೆ ತಡೆಯಲಾಗಲಿಲ್ಲ. ನಾನಾಗಿದ್ದರೆ ಈಗಲೇ ಓಡಿಹೋಗಿ ಕೈಹಿಡಿದು ಎಳೆದುಕೊಂಡು ಬರುತ್ತಿದ್ದೆ, ಅವನೇ ಬರುತ್ತೇನೆ ಅಂದ ಮೇಲೆ ಇನ್ನೇನು ಯೋಚನೆ ಎಂದುಬಿಟ್ಟೆ.

ಅವರು ತಲೆ ಎತ್ತಲಿಲ್ಲ. “ನಂಗೂ ದಿನಾ ಹಾಗೇ ಅನ್ಸುತ್ತೆ. ನಂಗೆ ಹದಿನಾಲ್ಕಾಗಿದ್ದಾಗ ಲಾರಿ ಓಡಿಸ್ಬೇಕು ಅಂತ ಬಹಳ ಆಸೆ ಇತ್ತು. ದೂರ ದೂರ ಹೋಗ್ಬೇಕು, ಹಾರ್ನ್ ಹೊಡೀಬೇಕು. ನಮ್ಮಪ್ಪ ಕತ್ತರಿ ಕೈಗೆ ಕೊಟ್ಟು ನಿಲ್ಲಿಸಿದ್ರು. ಬೇಕಾ ಬೇಡ್ವಾ ಅಂತ ಕೇಳ್ಲಿಲ್ಲ. ಒಳ್ಳೇದೇ ಆಯ್ತು, ಹೊಟ್ಟೆ ತುಂಬ್ತು, ಮನೆ ನಡೀತು. ಆದ್ರೂ ಈ ರಸ್ತೇಲಿ ಲಾರಿ ಹೋದ್ರೆ ಇವತ್ತಿಗೂ ತಿರುಗಿ ನೋಡ್ತೀನಿ. ಅವನನ್ನ ಕರ್ಕೊಂಡು ಬರ್ಬೋದು ಸಾರ್. ಬರ್ತಾನೆ. ಇಲ್ಲೇ ನಿಂತು ಕೂದಲು ಕತ್ತರಿಸ್ತಾನೆ. ಆಮೇಲೆ ದಿನಾ ಸಂಜೆ ಆಚೆ ಸೀಟಿ ಊದ್ದಾಗ ತಿರುಗಿ ನೋಡ್ತಾನಲ್ಲ, ಅದನ್ನ ನಾನು ಹೇಗೆ ನೋಡ್ಲಿ?”

ಮಷೀನಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟು, “ಕಳಿಸಿ ಏನಾದ್ರೂ ಆದ್ರೆ ಅದನ್ನೂ ನೋಡೋಕಾಗಲ್ಲ,” ಎಂದರು.

ನಾಲ್ಕೂವರೆಗೆ ಅವರು ಎದ್ದರು. ಕೈಕಾಲು ತೊಳೆದು, ಗೂಟದ ಮೇಲಿದ್ದ ಒಗೆದ ಅಂಗಿ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದು ರಸ್ತೆ ದಾಟತೊಡಗಿದರು. ಹಿತ್ತಲಿನಿಂದ ಬಂದ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತರು. “ಕರ್ಕೊಂಡೇ ಬರ್ತಾರೆ,” ಎಂದರು, ನನಗೋ ತಮಗೋ ತಿಳಿಯಲಿಲ್ಲ. ಅದು ಸಂತೋಷವೋ ದುಃಖವೋ ಅದೂ ತಿಳಿಯಲಿಲ್ಲ. ನಾನು ಅವರ ಹಿಂದೆ ಓಡಿದೆ.

ಕಾವಲಿನವನಿಗೆ ಇವರ ಗುರುತುಂಟು. ಅವನ ತಲೆಯೂ ಇವರ ಕೈಯದೇ. ಗೇಟಿನ ಪಕ್ಕದ ಕೋಣೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಅಧಿಕಾರಿಯ ಮುಂದೆ ಇವರು ಕೈಕಟ್ಟಿ ನಿಂತರು. ಮಗ ಯಾರೆಂದು ಹೇಳಿದರು. ನಾಳೆಗೆ ಹದಿನೆಂಟು ಎಂದು ಹೇಳಿದರು. ಅಧಿಕಾರಿ ಲೇಖನಿ ಕೆಳಗಿಟ್ಟು ಮೆತ್ತಗೆ ಕೇಳಿದರು: “ಮಗನನ್ನ ಕರ್ಕೊಂಡು ಹೋಗೋಕೆ ಬಂದಿದೀರಾ?”

“ಇಲ್ಲ ಸಾರ್. ಇಷ್ಟು ದಿನ ಅವರಮ್ಮನ ಮಾತಿನ ಮೇಲೆ ಇಲ್ಲಿದ್ದ. ನನ್ನ ಮಾತೂ ಹೇಳೋಣ ಅಂತ ಬಂದೆ. ನಾನೂ ಒಪ್ಪಿದೀನಿ.”

ನನಗೆ ಕೇಳಿಸಿದ್ದು ಸರಿಯೇ ಎಂದು ಒಂದು ಕ್ಷಣ ನಂಬಿಕೆಯಾಗಲಿಲ್ಲ. ಅಧಿಕಾರಿಯೂ ಅಚ್ಚರಿಯಿಂದ ನೋಡಿದರು. ಒಬ್ಬರ ಒಪ್ಪಿಗೆ ಸಾಕು, ನಾಳೆಯಿಂದ ಯಾರದೂ ಬೇಕಾಗಿಲ್ಲ, ಇದಕ್ಕಾಗಿ ನೀವು ಬರಬೇಕಿರಲಿಲ್ಲ ಎಂದು ತಿಳಿಸಿ ಹೇಳಿದರು.

“ನಿಮಗೆ ಬೇಕಾಗಿಲ್ಲ ಅಂತ ಗೊತ್ತು ಸಾರ್,” ಎಂದರು ಎರಡ್ನಿಮಿಷದಣ್ಣ. “ಅವನಿಗೆ ಬೇಕು. ಕದ್ದು ಬಂದೋನು ಅಂತ ಅವನ ಮನಸ್ಸಲ್ಲಿ ಇರೋದು ಬೇಡ. ನಿಮ್ಮಪ್ಪನೇ ಕಳಿಸಿದ್ದು ಅಂತ ಹೇಳಿ.”